ಅಡ್ಲಿ ದೊರೆಯ ಎಡೆ

ಮಹಾಲಯ ಅಮಾವಾಸ್ಯೆಯ ದಿನ ದೇವಲಾಪುರದ ಸುತ್ತಿನ ಯಾವ ಮನೆಗೆ ಹೋದರೂ ತೀರಿಕೊಂಡ ಹಿರಿಯರ ಪಟ ಗೋಡೆಯಿಂದಿಳಿದು ಮಣೆಯ ಮೇಲೆ ಕೂತಿರುತ್ತದೆ. ಮುಂದೆ ಬಾಳೆ ಎಲೆ, ಎಲೆಯ ತುಂಬ ಅವರು ಬದುಕಿದ್ದಾಗ ಇಷ್ಟಪಟ್ಟಿದ್ದೆಲ್ಲ. ದ್ಯಾವಮ್ಮನ ಮನೆಯಲ್ಲೂ ಹಾಗೇ. ಆದರೆ ಅಲ್ಲಿ ಪಟದ ತುಂಬ ನಿಂತವನು ಒಬ್ಬ ಬಿಳಿಯ. ಸೊಂಟಕ್ಕೆ ಕೈಕೊಟ್ಟು, ಟೋಪಿ ಹಿಂದಕ್ಕೆ ಸರಿಸಿ ನಿಂತ ಅಮೆರಿಕದ ಜನರಲ್ ಹ್ಯಾಡ್ಲಿ. ಆ ಮನೆಯವರ ಬಾಯಲ್ಲಿ ಅಡ್ಲಿ ದೊರೆ. ಅವನ ಹಣೆಯ ಮೇಲೆ, ಗಾಜಿಗೆ ಅಂಟಿಸಿದ ಕುಂಕುಮದ ಬೊಟ್ಟು.

ಇದಕ್ಕೊಂದು ಕಾರಣವಿತ್ತು. ದ್ಯಾವಮ್ಮ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ ಅವಳಪ್ಪ ತಮ್ಮಯ್ಯ ಮಹಾಯುದ್ಧದ ಕೂಲಿಗೆ ಬರ್ಮಾ ಗಡಿಗೆ ಹೋದ. ಅಡ್ಲಿ ದೊರೆ ಅಲ್ಲಿ ಕಾಡು ಕಡಿದು, ಬೆಟ್ಟ ಒಡೆದು, ತನ್ನ ಸೈನ್ಯಕ್ಕೆ ರಸ್ತೆ ಮಾಡಿಸುತ್ತಿದ್ದ. ತಮ್ಮಯ್ಯ ತಿರುಗಿ ಬರಲಿಲ್ಲ. ಜೊತೆಗೆ ಹೋಗಿದ್ದ ಕ್ಯಾತನಹಳ್ಳಿಯ ಕುಳ್ಳಯ್ಯ ಮಾತ್ರ ಬಂದು, ಗುಡ್ಡ ಜಾರಿ ತಮ್ಮಯ್ಯ ಸತ್ತನೆಂದು ಹೇಳಿ ಈ ಪಟ ಕೊಟ್ಟ. ದೊರೆಯ ಹಿಂದೆ ಗುದ್ದಲಿ ಹಿಡಿದ ಕೂಲಿಗಳ ಒಂದು ಸಾಲು. ಅವರ ತಲೆಗಳು ಹುರುಳಿಕಾಳಿನಷ್ಟು. ‘ಇದ್ರಲ್ಲಿ ನಿಮ್ಮವ್ನೂ ಅವ್ನೆ’ ಅಂದನಂತೆ ಕುಳ್ಳಯ್ಯ. ಯಾರು ಎಂದು ತೋರಿಸು ಎಂದರೆ ಅವನಿಗೂ ಗುರುತು ಹತ್ತಲಿಲ್ಲ. ತಮ್ಮಯ್ಯನದೆಂದು ಆ ಮನೆಯಲ್ಲಿ ಉಳಿದದ್ದು ಅದೊಂದೇ. ಬೊಟ್ಟಿಡಲು ಕಾಣುವ ಹಣೆ ಒಂದೇ ಇದ್ದುದರಿಂದ ಬೊಟ್ಟು ಅಲ್ಲಿಗೇ ಹೋಯಿತು. ಎಡೆಯಲ್ಲಿ ಎರಡು ಎಲೆ: ಒಂದು ಅಪ್ಪನಿಗೆ, ಒಂದು ದೊರೆಗೆ.

ಆ ಮನೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಸತ್ತವರ ಕಥೆ ಹೇಳದೆ ಎಲೆಯಿಂದ ಒಂದಗುಳೂ ಎತ್ತುವಂತಿಲ್ಲ. ಮೊದಲೆಲ್ಲ ದ್ಯಾವಮ್ಮನೇ ಹೇಳುತ್ತಿದ್ದಳು. ಉಬ್ಬಸ ಶುರುವಾದ ಮೇಲೆ ಹಿರಿಮಗ ದೇವರಾಜುವಿನ ಪಾಲಿಗೆ ಬಂತು. ಕೆ.ಆರ್. ಪೇಟೆಯಲ್ಲಿ ಚರಿತ್ರೆಯ ಮೇಷ್ಟ್ರಾಗಿ ನಿವೃತ್ತನಾದವನು. ಕಥೆಗೆ ಅವನಿಗಿಂತ ಇನ್ನೊಬ್ಬ ಬೇಕೆ ಎಂದು ಎಲ್ಲರೂ ಒಪ್ಪಿದರು.

ಈ ವರ್ಷ ಎಡೆ ಇಡುವ ಹೊತ್ತಿಗೆ ತಮ್ಮ ನಾಗರಾಜು ಬೆಳ್ಳೂರು ಕ್ರಾಸಿನಿಂದ ಬಂದ. ಅಲ್ಲಿ ಅವನದೊಂದು ಹೋಟೆಲು. ಚೀಲದಿಂದ ಬ್ರಾಂದಿ ಬಾಟಲಿ ತೆಗೆದು ದೊರೆಯ ಎಲೆಯ ಪಕ್ಕ ಇಟ್ಟ.

‘ದೊರೆಗೆ ಬ್ರಾಂದಿ, ನಿಮ್ ತಾತುಂಗೆ ಬರೀ ಬೀಡಿನೇನ್ಲಾ?’ ಅಂದಳು ದ್ಯಾವಮ್ಮ.

‘ತಾತ ಕುಡೀತಿರ್ನಿಲ್ಲ ಅಂತ ನೀನೇ ಏಳ್ದೆ ಕಣವ್ವ. ಈಗ ಸತ್ಮೇಲೆ ಅವುನ್ನ ಕೆಡ್ಸಾದ ಬ್ಯಾಡ.’

‘ದೊರೆ ಎಸ್ರೇಳ್ಕೊಂಡು ನಾನ್ ಕುಡ್ಯಾಕೆ ತಂದಿದ್ದೀನಿ ಅಂತ ಅನ್ಬುಡು.’

ಎಲ್ಲರೂ ನಕ್ಕರು. ದೇವರಾಜು ನಗಲಿಲ್ಲ. ಅವನ ಮಗಳು ಮೇಘನ ಪಟದ ಗಾಜು ಒರೆಸಿ, ಕುಂಕುಮದಲ್ಲಿ ಬೆರಳದ್ದಿ, ದೊರೆಯ ಹಣೆಗೆ ಹೊಸ ಬೊಟ್ಟಿಡುತ್ತಿದ್ದಳು.

‘ಮೇಘ, ಬಾ ಇಲ್ಲಿ,’ ಎಂದು ದ್ಯಾವಮ್ಮ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ‘ನಿಮ್ಮಪ್ಪ ಏಳಾದ ಸರ್ಯಾಗಿ ಕೇಳಿಸ್ಕೊ. ಬರೋ ವರ್ಸದಿಂದ ನೀನೇ ಏಳ್ಬೇಕು. ನಾನಿರ್ತೀನೋ ಇಲ್ವೋ.’

ಮೇಘನ ಫೋನನ್ನು ಮುಂದಿಟ್ಟು ರೆಕಾರ್ಡಿಂಗ್ ಒತ್ತಿದಳು. ‘ಹೇಳಪ್ಪ.’

ದೇವರಾಜು ಎಂದಿನಂತೆ ಆರಂಭಿಸಿದ. ದೊರೆ ಬರ್ಮಾದಲ್ಲಿ ಮೊದಲ ಕಾಳಗ ಸೋತದ್ದು, ಹತ್ತಲು ವಿಮಾನ ಸಿದ್ಧವಿದ್ದರೂ ಗಾಯಾಳುಗಳ ಜೊತೆ ಕಾಡು ದಾಟಿ ನಡೆದೇ ಬಂದದ್ದು, ಬಂದವನೇ ‘ಸೋತಿದ್ದೇವೆ, ತಿರುಗಿ ಹೋಗಿ ಗೆಲ್ಲಬೇಕು’ ಎಂದು ನೇರವಾಗಿ ಹೇಳಿದ್ದು. ಸಿಪಾಯಿಗಳ ಸಾಲಲ್ಲಿ ತಟ್ಟೆ ಹಿಡಿದು ನಿಂತು ಉಣ್ಣುತ್ತಿದ್ದದ್ದು. ಇದೆಲ್ಲ ನಿಜವೇ. ಹೇಳಲು ನಾಲಿಗೆಗೆ ತೊಡಕಿರಲಿಲ್ಲ.

ಕಥೆ ಆಸ್ಪತ್ರೆಯ ಗುಡಾರದ ಹತ್ತಿರ ಬಂತು. ದ್ಯಾವಮ್ಮ ಕಣ್ಣು ಮುಚ್ಚಿ ಕೈ ಮುಗಿದಳು. ಅವಳು ವರ್ಷವಿಡೀ ಕಾಯುತ್ತಿದ್ದುದು ಈ ಜಾಗಕ್ಕೆ. ಕುಳ್ಳಯ್ಯ ಕಣ್ಣಾರೆ ಕಂಡು ಹೇಳಿದ್ದ ಮಾತು: ತಮ್ಮಯ್ಯ ಚಳಿಜ್ವರದಲ್ಲಿ ಮಲಗಿದ್ದಾಗ ದೊರೆ ತಾನೇ ಗುಡಾರಕ್ಕೆ ಬಂದ, ಅವನ ಹಣೆಯ ಮೇಲೆ ಕೈಯಿಟ್ಟ. ಅಷ್ಟು ದೊಡ್ಡ ದೊರೆ ಒಬ್ಬ ಕೂಲಿಯ ಹಣೆ ಮುಟ್ಟಿ ನೋಡಿದ. ಅಪ್ಪನ ಮುಖವನ್ನೇ ಕಾಣದ ಮಗಳು ಆ ಕೈಯನ್ನು ಹಿಡಿದುಕೊಂಡೇ ಮುದುಕಿಯಾಗಿದ್ದಳು.

ದೇವರಾಜು ಅಲ್ಲಿ ಕಥೆ ನಿಲ್ಲಿಸಿದ. ಆ ಕೈ ಅಲ್ಲಿಗೆ ಯಾಕೆ ಬಂದಿತ್ತೆಂದು ಅವನಿಗೆ ಗೊತ್ತಿತ್ತು. ಕೆಲಸದಲ್ಲಿದ್ದಾಗಲೇ, ಮೈಸೂರಿನ ಗ್ರಂಥಾಲಯದಲ್ಲಿ ಆ ಯುದ್ಧದ ದಪ್ಪ ಪುಸ್ತಕವೊಂದರಲ್ಲಿ ಓದಿದ್ದ. ಓದಿ, ಮುಚ್ಚಿ, ಬಸ್ಸು ಹತ್ತಿ ಮನೆಗೆ ಬಂದು, ಆ ವರ್ಷವೂ ಇದೇ ಮಣೆಯ ಮುಂದೆ ಇದೇ ಕಥೆ ಹೇಳಿದ್ದ. ಆಮೇಲೂ ಹೇಳುತ್ತಲೇ ಬಂದಿದ್ದ. ಅವ್ವನ ಮನಸ್ಸು ನೋಯಬಾರದು ಎಂದುಕೊಂಡಿದ್ದ. ನಿಜವಾಗಿ ನೋಡಿದರೆ, ಆ ಮಾತು ಕೇಳುವಾಗಿನ ಅವಳ ಮುಖವನ್ನು ಕಳೆದುಕೊಳ್ಳಲು ಅವನಿಗೇ ಮನಸ್ಸಿರಲಿಲ್ಲ.

ಫೋನಿನ ಪರದೆಯ ಮೇಲೆ ಕೆಂಪು ಚುಕ್ಕೆ ಮಿಣುಕುತ್ತಿತ್ತು. ಇನ್ನು ಮೇಘನ ಹೇಳುತ್ತಾಳೆ. ಅವಳ ಮಕ್ಕಳು ಹೇಳುತ್ತಾರೆ.

‘ಯಾಕಪ್ಪ ನಿಲ್ಲಿಸ್ದೆ?’ ಅಂದಳು ಮೇಘನ.

‘ದೊರೆ ಗುಡಾರಕ್ಕೆ ಬಂದದ್ದು ನಿಜ,’ ಅಂದ ದೇವರಾಜು. ‘ಹಣೆ ಮುಟ್ಟಿದ್ದೂ ನಿಜ. ಮಳೆಗಾಲ ಮುಗಿಯೋದ್ರೊಳಗೆ ರಸ್ತೆ ಆಗ್ಬೇಕು ಅಂತ ಅವ್ನ ಹಟ. ಆಳು ಸಾಲಲಿಲ್ಲ. ಡಾಕ್ಟರು ಬೇಡ ಬೇಡ ಅಂದ್ರೂ ಕೇಳ್ದೆ, ಹಾಸಿಗೆ ಹಾಸಿಗೆಗೂ ಹೋಗಿ ಹಣೆ ಮುಟ್ಟಿ ನೋಡ್ದ. ಕೈ ಸುಡೋವಷ್ಟು ಜ್ವರ ಇದ್ದೋರ್ನ ಮಲಗಕ್ಕೆ ಬಿಟ್ಟ. ಮಿಕ್ಕೋರ್ನ ಎಬ್ಬಿಸಿ ಬೆಟ್ಟಕ್ಕೆ ಕಳಿಸ್ದ. ಆ ವಾರವೇ ಗುಡ್ಡ ಜಾರ್ತು. ಗುದ್ದಲಿ ಎತ್ತಕ್ಕೂ ತ್ರಾಣ ಇಲ್ದೋರು ಓಡೋದೆಲ್ಲಿ ಬಂತು. ತಾತ ಹೋಗಿದ್ದು ಅಲ್ಲೇ.’

ಒಲೆಯ ಮೇಲೆ ಸಾರು ಕುದಿಯುವುದು ಕೇಳುತ್ತಿತ್ತು.

‘ಅವನ ದೇಶದಲ್ಲಿ ಇವತ್ತಿಗೂ ಜಗಳ ಆಡ್ತಾರೆ,’ ಎಂದು ಅವನೇ ಮುಂದುವರಿಸಿದ, ತರಗತಿಯ ದನಿಯಲ್ಲಿ. ‘ಆ ರಸ್ತೆ ಇಲ್ದಿದ್ರೆ ಯುದ್ಧ ಇನ್ನೂ ಎಳೀತಿತ್ತು, ಇನ್ನೂ ಜನ ಸಾಯ್ತಿದ್ರು ಅಂತ ಕೆಲವ್ರು. ಕಟುಕ ಅಂತ ಕೆಲವ್ರು.’

‘ಅವ್ರ್ ಜಗ್ಳ ಅವ್ರಾಡ್ಕಳ್ಳಿ,’ ಅಂದಳು ದ್ಯಾವಮ್ಮ. ಕಣ್ಣು ಬಿಟ್ಟಿದ್ದಳು. ‘ನಿಂಗೆ ಇದು ಯಾವಾಗ ಗೊತ್ತಾಯ್ತು?’

‘ಮೇಘ ಇನ್ನೂ ಸ್ಕೂಲಿಗೆ ಸೇರಿರ್ಲಿಲ್ಲವ್ವ.’

‘ಅಲ್ಲಿಂದ್ಲೂ ಗೊತ್ತಿತ್ತಾ?’

‘ಗೊತ್ತಿತ್ತು.’

ದ್ಯಾವಮ್ಮ ಪಟವನ್ನು ನೋಡಿದಳು. ಅಳಲಿಲ್ಲ. ಮಗನ ಮೇಲೆ ದನಿಯನ್ನೂ ಏರಿಸಲಿಲ್ಲ. ದನಿ ಏರಿಸಿದ್ದರೆ ಅವನಿಗೆ ಹಗುರಾಗುತ್ತಿತ್ತು.

‘ಅಂಗಾದ್ರೆ ನಾನು ಇಕ್ಕಿದ್ದು ಗೊತ್ತಿಲ್ದೆ. ಶಿವ ಅದುನ್ನ ಒಟ್ಟೆಗಾಕ್ಕೊತಾನೆ. ನೀನ್ ಇಕ್ಕಿದ್ದು ಗೊತ್ತಿದ್ದೂ. ನಮ್ಮಪ್ಪುನ್ ಎಲೆ ಪಕ್ಕದಾಗೆ ಅವುನ್ನ ಕೂರ್ಸಿ, ಇಬ್ರಿಗೂ ಒಂದೇ ಸೌಟಲ್ಲಿ ಬಡಿಸ್ದಲ್ಲೋ ಮಗ.’

ದೇವರಾಜು ತಲೆ ತಗ್ಗಿಸಿದ.

ನಾಗರಾಜು ಎದ್ದು, ‘ಪಟ ತೆಗ್ದು ಬಾವಿಗಾಕ್ಬುಡ್ಲೇನವ್ವ?’ ಅಂದ.

‘ಅದ್ರಲ್ಲಿ ನಮ್ಮಪ್ಪ ಅವ್ನೆ ಕಣ್ಲಾ. ಕೂತ್ಕೊ.’ ಮೊಮ್ಮಗಳ ಕಡೆ ತಿರುಗಿದಳು. ‘ಮೇಘ, ಆ ಬೊಟ್ಟು ಒರ್ಸು.’

ಮೇಘನ ಒದ್ದೆ ಬಟ್ಟೆಯಿಂದ ದೊರೆಯ ಹಣೆ ಒರೆಸಿದಳು. ಬೊಟ್ಟಿಲ್ಲದ ಆ ಮುಖವನ್ನು ಮನೆಯವರು ಮೊದಲ ಸಲ ಕಣ್ಣಿಟ್ಟು ನೋಡುತ್ತಿದ್ದರು. ಕೆಟ್ಟವನ ಮುಖವೇನೂ ಅಲ್ಲ. ನಿದ್ದೆಗೆಟ್ಟ, ಅವಸರದಲ್ಲಿದ್ದ ಒಬ್ಬ ಮನುಷ್ಯನ ಮುಖ.

‘ದೇವರಾಜ, ಗಂಧದ ಕಡ್ಡಿ ತಕೊ. ತುದೀಲಿ ಕುಂಕುಮ ಅದ್ದು. ಇಂದ್ಗಡೆ ನಿಂತವ್ರಲ್ಲ, ಎಲ್ರಿಗೂ ಇಡು. ಯಾವುದು ನಮ್ದು ಅಂತ ಗೊತ್ತಿಲ್ಲ. ಒಬ್ರುನ್ನೂ ಬುಡ್ಬ್ಯಾಡ.’

ಅವನು ಕನ್ನಡಕ ಸರಿಪಡಿಸಿಕೊಂಡು ಮಣೆಯ ಮುಂದೆ ಮಂಡಿಯೂರಿದ. ಒಂದು ಹುರುಳಿಕಾಳು, ಒಂದು ಚುಕ್ಕೆ. ಇನ್ನೊಂದು ಹುರುಳಿಕಾಳು, ಇನ್ನೊಂದು ಚುಕ್ಕೆ. ಇಷ್ಟು ವರ್ಷ ಈ ಪಟಕ್ಕೆ ಕೈ ಮುಗಿದಿದ್ದರೂ ಹಿಂದಿನವರನ್ನು ಒಬ್ಬೊಬ್ಬರಾಗಿ ನೋಡಿರಲಿಲ್ಲ. ಒಬ್ಬ ಗುದ್ದಲಿಗೆ ಒರಗಿದ್ದ. ಒಬ್ಬ ಪಕ್ಕದವನ ಹೆಗಲು ಹಿಡಿದಿದ್ದ. ಸಾಲಿನ ಕೊನೆಯಲ್ಲಿ ಒಬ್ಬನನ್ನು ಚೌಕಟ್ಟು ಅರ್ಧ ನುಂಗಿತ್ತು. ದೇವರಾಜುವಿನ ಕೈ ಅಲ್ಲಿ ತಡೆಯಿತು.

‘ಅರ್ಧ ಕಂಡ್ರೂ ಮನ್ಸನೇ ಅಲ್ವೇನ್ಲಾ? ಇಡು,’ ಅಂದಳು ದ್ಯಾವಮ್ಮ.

ಇಟ್ಟ.

ಆಮೇಲೆ ಅವಳು ದೊರೆಯ ಎಲೆಯನ್ನು ತೋರಿಸಿದಳು. ‘ಅದುನ್ನ ಬಿಸಾಕ್ಬ್ಯಾಡ. ಇಷ್ಟ್ ದಿನ ಕರ್ದು ಈಗ ಅಸ್ಕೊಂಡೋಗು ಅನ್ನಾಕಾಗಾಕಿಲ್ಲ. ಆದ್ರೆ ನಮ್ಮಪ್ಪುನ್ ಪಂಕ್ತೀಲಿ ಬ್ಯಾಡ. ಎತ್ಕೊಂಡೋಗಿ ಜಗಲಿ ಮೇಲಿಡು.’ ದೇವರಾಜುವಿನ ಕಡೆ ನೋಡಿ, ‘ನೀನೂ ಅಲ್ಲೇ ಕೂತಿರು. ನಾಯಿ ಗೀಯಿ ಬಾಯಾಕದಂಗೆ ನೋಡ್ಕೊ. ಎಲ್ರುದೂ ಆದ್ಮೇಲೆ ಕರೀತೀನಿ.’

ದೇವರಾಜು ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲು ದಾಟಿದ. ಜಗಲಿಯ ಮೇಲಿಟ್ಟು ಪಕ್ಕದಲ್ಲಿ ಕೂತ. ಬೀದಿಯಲ್ಲಿ ಸಂಜೆಯ ಬಿಸಿಲು ಹಳದಿಯಾಗಿತ್ತು. ಒಳಗೆ ಮೇಘನ ಫೋನಿನಲ್ಲಿದ್ದುದನ್ನು ಅಳಿಸಿ, ಕಥೆಯನ್ನು ಮೊದಲಿಂದ ತಾನೇ ಹೇಳುತ್ತಿದ್ದಳು. ಕಾಡು ಬಂತು, ಸೋಲು ಬಂತು, ತಟ್ಟೆ ಹಿಡಿದು ನಿಂತ ಸಾಲು ಬಂತು. ಗುಡಾರ ಬಂದಾಗ ಅವಳ ದನಿ ತಡೆಯಲಿಲ್ಲ. ದೊರೆ ಹಣೆ ಮುಟ್ಟಿದ, ಎಬ್ಬಿಸಿದ, ಕಳಿಸಿದ. ಅದಾದ ಮೇಲೆ, ‘ಇದು ನಮ್ಮಪ್ಪಂಗೆ ಮೊದ್ಲೇ ಗೊತ್ತಿತ್ತು,’ ಎಂದು ಅದನ್ನೂ ಸೇರಿಸಿದಳು.

ದೇವರಾಜು ಕೇಳಿಸಿಕೊಂಡ. ದೊರೆಯ ಅನ್ನದ ಮೇಲೆ ಕೂತ ನೊಣವನ್ನು ಟವೆಲ್ಲಿನಿಂದ ಓಡಿಸಿದ. ಅದು ತಿರುಗಿ ಬಂತು. ತಿರುಗಿ ಓಡಿಸಿದ.