ನಂಬರು ನಾಲ್ಕು ಪಾಯಿಂಟ್ ಒಂದು

ನಾನೊಂದು ಪ್ರೋಟೀನು. ನೀಲವ್ವನ ಎಲುಬಿನ ಮಜ್ಜೆಯಲ್ಲಿ, ಒಂದು ಕೆಂಪು ರಕ್ತಕಣದೊಳಗೆ ಹುಟ್ಟಿದೆ. ಕಣದ ತೆಳು ಪೊರೆಯನ್ನು ಅದರಡಿಯ ಆಕ್ಟಿನ್ ಎಂಬ ನಾರುಗಳ ಜಾಲರಿಗೆ ಗಂಟು ಹಾಕಿ ಹಿಡಿಯುವುದು ನನ್ನ ಕೆಲಸ. ಹಿಡಿತ ಸಡಿಲಿದರೆ ಪೊರೆ ಹರಿದು ಕಣ ಒಡೆಯುತ್ತದೆ. ಇಷ್ಟಾದರೂ ವಿಜ್ಞಾನಿಗಳು ನನಗೊಂದು ಹೆಸರಿಡಲಿಲ್ಲ. ಜೈಲಿನ ಕೈದಿಗೆ ಕೊಡುವ ಹಾಗೆ ನಂಬರು ಕೊಟ್ಟರು: ನಾಲ್ಕು ಪಾಯಿಂಟ್ ಒಂದು.

ಅದೇ ಕಣದಲ್ಲಿ ಹೀಮೋಗ್ಲೋಬಿನ್ ಇದ್ದ. ಕೆಂಪು ಮೈ, ಆಮ್ಲಜನಕ ಹೊರುವ ಗತ್ತು. ಊರಿಗೆಲ್ಲ ಅವನ ಹೆಸರು ಗೊತ್ತು. ನನಗೆ ಹೊಟ್ಟೆಯಿಲ್ಲ, ಹೊಟ್ಟೆಕಿಚ್ಚು ಮಾತ್ರ ಧಾರಾಳ.

ನೀಲವ್ವನದೂ ಇದೇ ಸಂಕಟ. ರೊಟ್ಟಿ ಬಡಿದು, ಎಮ್ಮೆ ಹಿಂಡಿ, ಮನೆ ನಡೆಸುವವಳು ಅವಳು. ಹೊಗಳಿಕೆಯೆಲ್ಲ ಹಾಡು ಬಲ್ಲ ನೆಗೆಣ್ಣಿ, ಮೈದುನನ ಹೆಂಡತಿ ರತ್ನಾಳಿಗೆ. ಆ ರತ್ನಾ ಹೆರಿಗೆಯಲ್ಲಿ ರಕ್ತ ಹೋಗಿ ಬಿಳಿಚಿಕೊಂಡಾಗ ರಕ್ತದ ಗುಂಪು ಹೊಂದಿದ್ದು ನೀಲವ್ವನದೇ. ಅವಳು ತೋಳು ಚಾಚಿದಳು. ಆಸ್ಪತ್ರೆಯವರು ಹೀಮೋಗ್ಲೋಬಿನ್ ನೋಡಿ ಶಹಭಾಸ್ ಎಂದರು. ನನ್ನನ್ನು ಯಾರು ಕೇಳಬೇಕು?

ಚೀಲ ಸೇರಿ, ಕೊಳವೆಯಲ್ಲಿಳಿದು ರತ್ನಾಳ ಮೈಗೆ ಬಂದೆ. ಕೂದಲಿಗಿಂತ ಸಣ್ಣ ನಾಳವೊಂದರಲ್ಲಿ ನಮ್ಮ ಕಣ ಸಿಕ್ಕಿಕೊಂಡಿತು. ಪೊರೆ ಜಗ್ಗಿತು. ಕೈ ಬಿಟ್ಟುಬಿಡೋಣ, ಈ ಗತ್ತಿನವನು ಚೆಲ್ಲಿಹೋಗಲಿ ಅನ್ನಿಸಿದ್ದು ನಿಜ. ಆದರೆ ನೀಲವ್ವ ಹೊಟ್ಟೆಕಿಚ್ಚು ನುಂಗಿ ಕೊಟ್ಟದ್ದನ್ನು ನಾನು ಚೆಲ್ಲುವುದೇ? ಬಿಗಿಯಾಗಿ ಹಿಡಿದೆ. ಕಣ ಬಳುಕಿ, ನುಸುಳಿ, ದಾಟಿತು.

ರತ್ನಾಳ ಕೆನ್ನೆಗೆ ಕೆಂಪು ಬಂತು. ಮನೆಯವರು ಡಾಕ್ಟರನ್ನು ಹೊಗಳಿದರು, ಡಾಕ್ಟರು ಹೀಮೋಗ್ಲೋಬಿನ್ ಏರಿತೆಂದರು.

ಹೆಣ್ಣುಕೂಸಿಗೆ ಹೆಸರಿಡುವ ದಿನ ತೊಟ್ಟಿಲು ಕಟ್ಟಿದವಳೂ ನೀಲವ್ವನೇ. ಎಲ್ಲರೂ ಕೂಸಿನ ಮೇಲೆ ಬಗ್ಗಿದ್ದಾಗ ರತ್ನಾ ಅವಳ ಸೆರಗು ಹಿಡಿದಳು.

“ಕೂಸಿಗೆ ನಿನ್ನ ಹೆಸರ ಇಡೂಣೇನ ಯಕ್ಕಾ?”

“ತೊಟ್ಟಿಲ ಹಗ್ಗದ ಹೆಸರು ಯಾರರ ಇಡತಾರೇನ? ಸುಮ್ನ ಕೂಡು,” ಎಂದು ನೀಲವ್ವ ಗಂಟನ್ನು ಇನ್ನೊಮ್ಮೆ ಜಗ್ಗಿ ನೋಡಿದಳು. ಅವಳ ಕಣ್ಣು ತುಂಬಿದ್ದವು. ಅವಳನ್ನಾದರೂ ಒಬ್ಬರು ಕೇಳಿದರು. ನನಗೆ ಅದಕ್ಕೂ ಹೊಟ್ಟೆ ಉರಿಯಿತು.

ಈಗ ರತ್ನಾಳ ಗುಲ್ಮದಲ್ಲಿದ್ದೇನೆ. ಮುದಿ ಕಣಗಳನ್ನು ಒಡೆಯುವ ಗುಜರಿ ಇದು. ಇಲ್ಲೂ ಹೀಮೋಗ್ಲೋಬಿನ್ನನ ಕಬ್ಬಿಣವನ್ನು ಜೋಪಾನವಾಗಿ ಎತ್ತಿ ಹೊಸ ಕಣಗಳಿಗೆ ಕಳಿಸುತ್ತಾರೆ. ನನ್ನನ್ನು ಚೂರುಚೂರು ಮಾಡುತ್ತಾರೆ. ಕಿಚ್ಚು ಇನ್ನೂ ಆರಿಲ್ಲ. ಆದರೆ ಇಲ್ಲಿಗೆ ಬರುವ ತನಕ ಅವನು ದಾರಿಯಲ್ಲಿ ಒಂದು ಹನಿಯೂ ಚೆಲ್ಲಲಿಲ್ಲ. ಹಿಡಿದಿದ್ದವನು ನಾನು.