ಪ್ಯಾಡ್ ಬಾರಿಸುವವನ ಫೋಟೋ

ನಮ್ಮಣ್ಣ ಇಜಾಜ ರಸಮಂಜರಿ ತಂಡದಲ್ಲಿ ಪ್ಯಾಡ್ ಬಾರಿಸುತ್ತಾನೆ. ರಬ್ಬರಿನ ಚೌಕಗಳ ಮೇಲೆ ಕೋಲಿನಿಂದ ಬಡಿದರೆ ಢೋಲಕ್, ತಬಲಾ, ಡೊಳ್ಳು ಎಲ್ಲ ಒಂದೇ ಪೆಟ್ಟಿಗೆಯಿಂದ ಹೊರಡುತ್ತವಲ್ಲ, ಅದು. ಶಿಗ್ಗಾಂವಿಯಿಂದ ಹಿರೇಕೆರೂರಿನವರೆಗೆ ಅವನ ಕೈಗೆ ಕುಣಿಯದವರಿಲ್ಲ, ಅವನ ಮುಖ ಕಂಡವರೂ ಇಲ್ಲ. ಹಾಡುವವರು ಮುಂದೆ, ಇವನು ಹಿಂದೆ, ನಡುವೆ ಹೊಗೆ ಬಿಡುವ ಯಂತ್ರ. ಕಾರ್ಯಕ್ರಮದ ಫ್ಲೆಕ್ಸಿನಲ್ಲಿ ಪೆಂಡಾಲಿನವನ ಮುಖವಿರುತ್ತದೆ, ಚಂದಾ ಕೊಟ್ಟವರ ಮೊಮ್ಮಕ್ಕಳ ಮುಖವಿರುತ್ತದೆ, ಇವನದೊಂದು ಇರುವುದಿಲ್ಲ.

ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆಮೇಲೆ ನಾವು ಬಂಕಾಪುರದಿಂದ ಸವಣೂರಿಗೆ ಹೆಣ್ಣು ನೋಡಲು ಹೋದೆವು. ಎಲೆ ವ್ಯಾಪಾರದ ಹಸನಸಾಬರ ಮಗಳು ಗುಲ್ನಾರ. ಅಣ್ಣ ಗಾಬರಿಯಲ್ಲಿ ಚಹಾದ ಬಸಿಯ ಅಂಚಿಗೆ ಚಮಚದಿಂದ ತಾಳ ಹಾಕುತ್ತ ಕೂತುಬಿಟ್ಟ. ಹುಡುಗಿ ದುಪಟ್ಟಾದೊಳಗೇ ಕಿಸಕ್ಕನೆ ನಕ್ಕಳು. ಅಷ್ಟೇ, ನಮ್ಮಣ್ಣ ನಮ್ಮ ಕೈತಪ್ಪಿ ಹೋದ. ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಅಂದರೆ ಸವಣೂರಿಗೆ ಅಂದ.

ಆದರೆ ಹಸನಸಾಬರು ವಿಚಾರಣೆ ಮಾಡುವ ಮನುಷ್ಯ. ತಂಡದ ಫ್ಲೆಕ್ಸು ನೋಡಿದರು, ಫೋನಿನಲ್ಲಿ ವಿಡಿಯೋ ನೋಡಿದರು, ಎಲ್ಲಿಯೂ ಇಜಾಜ ಇಲ್ಲ. ಇವನು ಸ್ಪೀಕರ್ ಡಬ್ಬಿ ಹೊರುವವನು, ಬಾರಿಸುತ್ತೇನೆಂದು ಸುಳ್ಳು ಹೇಳಿದ್ದಾನೆ ಅಂತ ತೀರ್ಮಾನಿಸಿದರು. ಫೋನಿನಲ್ಲಿ ನಮ್ಮ ಅಮ್ಮಿಗೆ ನೇರವಾಗಿ ಹೇಳಿದರು:

"ಡಬ್ಬಿ ಹೊರಾಂವಗ ಮಗಳನ್ನ ಕೊಡತೇನ್ರಿ ಬಾನುಬಿ, ಅದಕ್ಕ ನಾಚಿಕಿ ಇಲ್ಲ. ಸುಳ್ಳು ಹೇಳಾಂವಗ ಕೊಡಂಗಿಲ್ಲ."

ಮನೆಯಲ್ಲಿ ಪ್ಯಾಡ್ ಮುಂದೆ ಕೂರಿಸಿ ಫೋಟೋ ತೆಗೆದು ಕಳಿಸೋಣವೆಂದರೆ ಅದನ್ನೂ ಅವರು ಮೊದಲೇ ತಳ್ಳಿಹಾಕಿದ್ದರು. ಸ್ಟುಡಿಯೋದವರು ಕೂತಲ್ಲೇ ತಾಜಮಹಲಿನ ಮುಂದೆ ನಿಲ್ಲಿಸುತ್ತಾರೆ, ನನಗೆ ಸ್ಟೇಜು ಬೇಕು, ಎದುರಿಗೆ ಜನ ಬೇಕು ಅಂದಿದ್ದರು. ಬಂದು ನೋಡಿ ಅಂದರೆ ಆ ಗದ್ದಲಕ್ಕೆ ತಲೆ ಸಿಡಿಯುತ್ತದಂತೆ.

ಅಣ್ಣ ಊಟ ಬಿಟ್ಟ. ನಾನು ಎದ್ದೆ. ನಾನೆಂದರೆ ತಹಮೀನಾ, ಶಿಗ್ಗಾಂವಿಯ ಕುಬೇರಪ್ಪನವರ ಸ್ಟುಡಿಯೋದಲ್ಲಿ ಕ್ಯಾಮೆರಾ ಹಿಡಿಯುವವಳು. ಅಳುವ ಮದುಮಗಳನ್ನು ನಗಿಸಿದ್ದೇನೆ, ಮುನಿಸಿಕೊಂಡ ಬೀಗರನ್ನು ಒಂದೇ ಚೌಕಟ್ಟಿನಲ್ಲಿ ಹೆಗಲಿಗೆ ಹೆಗಲು ನಿಲ್ಲಿಸಿದ್ದೇನೆ. ಒಬ್ಬ ಪ್ಯಾಡ್ ಬಾರಿಸುವವನು ಯಾವ ಲೆಕ್ಕ ಅಂದುಕೊಂಡೆ. ಸೊಕ್ಕು ಅಂದರೆ ಸೊಕ್ಕು.

ಯಾವ ಸಾಮಾನು ಒಯ್ಯಲಿ ಅಂತ ಕುಬೇರಪ್ಪನವರನ್ನು ಕೇಳಿದರೆ ದೊಡ್ಡ ಫ್ಲ್ಯಾಶು, ಮೊಳದುದ್ದದ ಲೆನ್ಸು ತೆಗೆದಿಟ್ಟರು. ಲೆನ್ಸು ಉದ್ದವಿದ್ದರೆ ಮಂದಿ ತಾವೇ ದಾರಿ ಬಿಡುತ್ತಾರೆ ಅನ್ನುವುದು ಅವರ ಶಾಸ್ತ್ರ. ದಾರಿಯನ್ನೇನೋ ಬಿಟ್ಟರು. ಹಾನಗಲ್ಲಿನ ಗಣಪತಿ ಕಾರ್ಯಕ್ರಮದಲ್ಲಿ ನಾನು ಮೆರೆಯುತ್ತ ಸ್ಟೇಜಿನ ಬುಡಕ್ಕೇ ಹೋಗಿ ನಿಂತೆ, ಫ್ಲ್ಯಾಶು ಹೊಡೆದೆ. ಎದುರಿಗಿದ್ದದ್ದು ಹೊಗೆ. ಬೆಳಕು ಬಿದ್ದ ಹೊಗೆ ಸುಣ್ಣ ಬಳಿದ ಗೋಡೆಯಾಯಿತು. ನನಗೆ ಸಿಟ್ಟು ನೆತ್ತಿಗೇರಿತು. ಮದುವೆಮನೆಯ ಚಾಳಿ ಬಿಡುತ್ತದೆಯೇ, ಹಾಡಿನ ನಟ್ಟನಡುವೆ ಅಣ್ಣಾ, ಇತ್ತಾಗ ನೋಡು, ನಗು ಅಂತ ಕೂಗಿದೆ. ನಮ್ಮಣ್ಣ ಹುಟ್ಟಾ ವಿಧೇಯ. ಕೋಲು ಎತ್ತಿದವನು ಎತ್ತಿದ ಹಾಗೇ ನಿಲ್ಲಿಸಿ, ನನ್ನ ಕಡೆ ತಿರುಗಿ, ಹಲ್ಲು ಬಿಟ್ಟ. ತಾಳ ಹೋಯಿತು, ಹಾಡು ಹೋಯಿತು, ಹಾಡುತ್ತಿದ್ದಾಕೆ ನನ್ನನ್ನು ಸುಡುವ ಹಾಗೆ ನೋಡಿದಳು. ಫೋಟೋದಲ್ಲಿ ಬಿಳಿ ಹೊಗೆ ಬಂದಿತ್ತು, ಅದರ ನಡುವೆ ಹಲ್ಲು ಮಾತ್ರ ಬಂದಿತ್ತು.

ಅವತ್ತು ನಾನು ಹೊಟ್ಟೆ ಹಿಡಿದು ನಕ್ಕೆ, ಮನೆಗೆ ಬಂದು ಅತ್ತೆ, ಮರುದಿನದಿಂದ ಕಲಿಯಲು ಕೂತೆ. ಯೂಟ್ಯೂಬಿನಲ್ಲಿ ಕಲಿತದ್ದು ಅರ್ಧ, ಅಡುಗೆಮನೆಯಲ್ಲಿ ಕಲಿತದ್ದು ಅರ್ಧ. ಒಂದೇ ಬಲ್ಬು ಹಚ್ಚಿ, ಅಣ್ಣನ ಕೈಗೆ ಕೋಲು ಕೊಟ್ಟು, ತಲೆದಿಂಬು ಬಾರಿಸಲು ಹೇಳಿದೆ. ಉದ್ದ ಲೆನ್ಸು ಕತ್ತಲಲ್ಲಿ ಕುರುಡು. ಸ್ಟುಡಿಯೋದ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಚಹಾ ಕಪ್ಪಿನಷ್ಟು ಗಿಡ್ಡ ಲೆನ್ಸೇ ಬೆಳಕು ಕುಡಿಯುವುದು. ಐಎಸ್‌ಒ ಅಂದರೆ ಕ್ಯಾಮೆರಾದ ಬೆಳಕಿನ ಹಸಿವು, ಅದನ್ನು ಏರಿಸಿದರೆ ಫೋಟೋ ರವೆರವೆಯಾಗುತ್ತದೆ, ಆಗಲಿ, ಕಪ್ಪಾಗುವುದಕ್ಕಿಂತ ವಾಸಿ. ಶಟರ್ ನಿಧಾನವಾದರೆ ಕೋಲು ಬೀಸಣಿಕೆಯಾಗುತ್ತದೆ. ಅಷ್ಟೆಲ್ಲ ಮಾಡಿದರೂ ನನಗೆ ಕೋಲು ಸಿಗಲೊಲ್ಲದು. ಏಕೆಂದರೆ ಕಂಡ ಮೇಲೆ ಒತ್ತುತ್ತಿದ್ದೆ. ಒಂದು ದಿನ ರೊಚ್ಚಿಗೆದ್ದು ಕಣ್ಣು ಮುಚ್ಚಿ ತಾಳ ಕೇಳುತ್ತ, ಪೆಟ್ಟು ಬೀಳುವ ಮೊದಲೇ ಒತ್ತಿದೆ. ಫೋಟೋದಲ್ಲಿ ಕೋಲು ನೆತ್ತಿಯ ಮೇಲೆ ಗಕ್ಕನೆ ನಿಂತಿತ್ತು. ಎರಡೂ ಕೋಲು, ಎರಡೂ ತುದಿ! ನಾನೂ ಅಣ್ಣನೂ ಒಲೆಯ ಸುತ್ತ ಕುಣಿದೆವು. ಅರಳೆ ಕಿತ್ತುಬಂದ ದಿಂಬು ಎತ್ತಿಕೊಂಡು ಅಮ್ಮಿ ಇಬ್ಬರಿಗೂ ಮದುವೆ ಆಗುವುದಿಲ್ಲ ಎಂದು ಶಾಪ ಹಾಕಿದಳು.

ಗಿಡ್ಡ ಲೆನ್ಸಿಗೆ ಹತ್ತಿರ ನಿಲ್ಲಬೇಕು, ಎದುರಿನಿಂದ ಹಾಡುವವರೇ ಅಡ್ಡ. ದಾರಿ ತೋರಿಸಿದ್ದು ತಂಡದ ಲೈಟಿನ ಉಡಚಪ್ಪ. ಸ್ಟೇಜಿನ ಮಗ್ಗುಲಲ್ಲಿ, ಪ್ಯಾಡಿಗಿಂತ ತುಸು ಹಿಂದೆ ನಿಲ್ಲು ಅಂದ. ಹಾಡು ಏರಿದಾಗ ತಾನು ಎಲ್ಲ ಲೈಟನ್ನೂ ಜನರ ಮೇಲೆ ತಿರುಗಿಸುತ್ತೇನೆ, ಆಗ ನಿನ್ನಣ್ಣನೂ ಬೆಳಗುತ್ತಾನೆ, ಜನವೂ ಬೆಳಗುತ್ತದೆ ಅಂದ.

ಹಿರೇಕೆರೂರಿನ ಕಾಲೇಜಿನ ಸ್ನೇಹ ಸಮ್ಮೇಳನ. ಸಂಜೆ ಹೊತ್ತು ಇಳಿಯುತ್ತಲೇ ಮೈದಾನ ತುಂಬಿತು. ಸುತ್ತಲಿನ ಊರುಗಳಿಂದಲೂ ಮಂದಿ ಬಂದು ಕುರ್ಚಿ ಹಿಡಿದಿದ್ದರು. ಮೂರನೆಯ ಹಾಡು ಏರಿತು. ತಾಳ ನನ್ನ ಎದೆಯಲ್ಲೇ ಬಡಿಯುತ್ತಿತ್ತು. ಲೈಟು ಜನರ ಮೇಲೆ ತಿರುಗಿತು. ಬಂತು, ಬಂತು, ಈಗ ಅಂತ ಒತ್ತಿದೆ. ತೆರೆಯಲ್ಲಿ ನೋಡಿದೆ. ಅಣ್ಣನ ಅರ್ಧ ಮುಖ, ಹಣೆಯ ಬೆವರು, ಮೇಲೆತ್ತಿದ ಕೋಲು, ಆಚೆ ಉಕ್ಕುವ ಜನ. ನನ್ನ ಜನ್ಮದಲ್ಲಿ ಅಂಥ ಫೋಟೋ ತೆಗೆದಿರಲಿಲ್ಲ. ಖುಷಿಗೆ, ಪಕ್ಕದಲ್ಲೇ ಕೂತು ಲೈಟಿನ ಗುಂಡಿ ಒತ್ತುತ್ತಿದ್ದ ಉಡಚಪ್ಪನ ಬೆನ್ನಿಗೆ ಗುದ್ದಿದೆ. ಅವನ ಕೈ ಜಾರಿ ಇಡೀ ಮೈದಾನ ಹಸಿರಾಯಿತು.

ಮರುದಿನ ಸ್ಟುಡಿಯೋದಲ್ಲಿ ಅದನ್ನು ದೊಡ್ಡದು ಮಾಡಿ ನೋಡಿದವಳಿಗೆ ಜೀವ ಬಾಯಿಗೆ ಬಂತು. ಕೋಲಿನ ತುದಿಯ ಪಕ್ಕದಲ್ಲೇ, ಜನರ ನಡುವೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಂತು ಕುಣಿಯುತ್ತಿದ್ದವಳು ಗುಲ್ನಾರ. ತುಸು ಮಸುಕು, ಆದರೆ ಹಡೆದವರಿಗೆ ಅಷ್ಟು ಸಾಕು. ಪಕ್ಕದ ಕುರ್ಚಿಯ ಮೇಲೆ ಬೆರಳು ಮಡಚಿ ಸೀಟಿ ಹೊಡೆಯುತ್ತಿದ್ದ ಇನ್ನೊಬ್ಬ ಹೆಂಗಸು.

ಹೆಣ್ಣು ನೋಡಲು ಹೋದಾಗ ಇಸಿದುಕೊಂಡಿದ್ದ ನಂಬರಿಗೆ ಫೋನು ಮಾಡಿದೆ. ಗುಲ್ನಾರ ಎಲ್ಲ ಒಪ್ಪಿಕೊಂಡಳು. ಹುಡುಗ ನಿಜವಾಗಿ ಬಾರಿಸುತ್ತಾನೋ ಇಲ್ಲವೋ ತಾನೇ ನೋಡಬೇಕು ಅನಿಸಿತಂತೆ. ಹಿರೇಕೆರೂರಿನ ಹತ್ತಿರದ ಹಂಸಭಾವಿಯ ದಿಲ್ಶಾದ ಅತ್ತೆಗೆ ಜ್ವರ, ನೋಡಿಕೊಳ್ಳಲು ಹೋಗುತ್ತೇನೆ ಅಂತ ಅಪ್ಪನಿಗೆ ಹೇಳಿ ಬಂದಿದ್ದಳು. ಸೀಟಿ ಹೊಡೆಯುತ್ತಿದ್ದವಳೇ ಜ್ವರದ ಅತ್ತೆ, ಹಸನಸಾಬರ ಸ್ವಂತ ತಂಗಿ.

ಈಗ ನನ್ನ ಗತಿ ನೋಡಿ. ಅಣ್ಣ ನಿಜ ಹೇಳಿದ್ದಾನೆಂದು ತೋರಿಸುವ ಫೋಟೋ ಇದೊಂದೇ, ಉಳಿದವುಗಳಲ್ಲಿ ಕೋಲಿದ್ದರೆ ಮುಖವಿಲ್ಲ. ಇದನ್ನು ಕಳಿಸಿದರೆ ಹುಡುಗಿ ಸಿಕ್ಕಿಬೀಳುತ್ತಾಳೆ. ಅವಳನ್ನು ಕತ್ತರಿಸಿದರೆ ಕೋಲೂ ಜನವೂ ಹೋಗಿ ಅಣ್ಣ ಗಾಳಿಗೆ ಕೈಯೆತ್ತಿದ ಹಾಗಾಗುತ್ತದೆ. ಕುಬೇರಪ್ಪನವರು ಸುಲಭದ ಉಪಾಯ ಹೇಳಿದರು. ಮದುವೆಯ ಗ್ರೂಪ್ ಫೋಟೋದಲ್ಲಿ ಕಣ್ಣು ಮುಚ್ಚಿದವರಿಗೆ ಬೇರೆ ಫೋಟೋದ ತಲೆ ಕೂರಿಸುವುದು ನಮ್ಮಲ್ಲಿ ರೂಢಿ, ಇವರಿಬ್ಬರಿಗೂ ಯಾರದಾದರೂ ಎರಡು ತಲೆ ಹಚ್ಚಿಬಿಡು ಅಂದರು. ನಾನು ಮೌಸು ಹಿಡಿದೆ. ಆದರೆ ಕೈ ಏಳಲಿಲ್ಲ. ಸುಳ್ಳಿಗೆ ಹೆದರುವ ಮನುಷ್ಯನಿಗೆ ಸುಳ್ಳು ಫೋಟೋ ಕೊಟ್ಟು ಅಣ್ಣ ಸಾಚಾ ಅನ್ನುವುದು ಹೇಗೆ? ಅಣ್ಣನಂತೂ ಫೋಟೋ ಕಳಿಸುವುದೇ ಬೇಡ, ಆಕೆಗೆ ಬೈಗುಳ ಬೀಳುವುದು ಬೇಡ, ಸಂಬಂಧ ಹೋದರೆ ಹೋಗಲಿ ಅಂದ.  ನನಗೆ ಸಂಕಟವಾಯಿತು.

ಗುಲ್ನಾರಳಿಗೆ ಇದನ್ನೆಲ್ಲ ತಿಳಿಸಿ, ಫೋಟೋ ಅವಳೊಬ್ಬಳಿಗೇ ಕಳಿಸಿದೆ. ಸಂಜೆಗೆ ಹಸನಸಾಬರ ಫೋನು ಬಂತು, ಎಲ್ಲರೂ ಸವಣೂರಿಗೆ ಬರ್ರಿ ಅಂತ. ಅವಳು ತಾನಾಗಿಯೇ ಅಪ್ಪನ ಕೈಗೆ ಫೋಟೋ ಇಟ್ಟಿದ್ದಳು.

ಹೋಗಿ ಕೂತೆವು. ಒಳಕೋಣೆಯ ಬಾಗಿಲು ಮುಚ್ಚಿತ್ತು. ಹಸನಸಾಬರು ಎಲ್ಲರ ಮುಖವನ್ನೂ ನೋಡಿ, ಬಹಳ ಕಷ್ಟದಿಂದ ಬಾಯಿ ತೆರೆದರು.

"ನಿಮ್ಮ ಹುಡುಗ ಖರೆ ಹೇಳ್ಯಾನ. ಸುಳ್ಳು ಹೇಳಿದ್ದು ನನ್ನ ಮಗಳು. ನನ್ನ ತಂಗೀನೂ ಹೇಳ್ಯಾಳ. ಇಂಥಾಕಿ ನಿಮಗ ನಡೀತಾಳೇನ್ರಿ?"

ಅಮ್ಮಿ ನನ್ನ ಮುಖ ನೋಡಿದಳು. ನಾನು ಬಾಯಿ ತೆಗೆಯುವಷ್ಟರಲ್ಲಿ ಅಣ್ಣ, ಹಿರಿಯರೆದುರು ತಲೆ ಎತ್ತದ ನಮ್ಮಣ್ಣ, ಮಾತಾಡಿದ.

"ಇಷ್ಟು ವರ್ಷ ಬಾರಿಸೇನಿ ಚಾಚಾ. ಬಂದವರೆಲ್ಲಾ ಹಾಡಾವ್ರನ್ನ ನೋಡಾಕ ಬಂದವ್ರು. ನನ್ನ ನೋಡಾಕ ಅಂತ ಬಂದಾಕಿ ಆಕಿ ಒಬ್ಬಾಕಿ."

ಹಸನಸಾಬರು ಮತ್ತೆ ಫೋನು ತೆಗೆದು ಎರಡು ಬೆರಳಿನಿಂದ ಫೋಟೋ ಅಗಲ ಮಾಡಿದರು. ನಾನೂ ಬಗ್ಗಿ ನೋಡಿದೆ. ತೆಗೆದವಳು ನಾನೇ ಆದರೂ ನನಗೆ ಕಂಡಿರಲಿಲ್ಲ. ಅಷ್ಟೂ ಜನರ ಮುಖ ಹಾಡುವವಳ ಕಡೆಗಿತ್ತು, ಸೀಟಿ ಹೊಡೆಯುವ ಅತ್ತೆಯದು ಸಹ. ಗುಲ್ನಾರಳೊಬ್ಬಳು ಹಾಡುವವಳನ್ನು ದಾಟಿ, ಹೊಗೆಯನ್ನು ದಾಟಿ, ಹಿಂದಿದ್ದ ಇಜಾಜನನ್ನು ನೋಡಿ ನಗುತ್ತಿದ್ದಳು. ಹಸನಸಾಬರು ಬಹಳ ಹೊತ್ತು ನೋಡಿದರು. ಆಮೇಲೆ ಒಳಕೋಣೆಯ ಕಡೆ ತಿರುಗಿದರು.

"ಗುಲ್ನಾರ, ಹೊರಗ ಬಾರವಾ. ಇನ್ನ ಕದ್ದು ನೋಡೂದು ಬ್ಯಾಡ."

ಬಾಗಿಲು ಆಗಲೇ ತೆರೆದಿತ್ತು.