ಆರನೆಯ ನಿಯಮ

ಬರೆದ ಕ್ಷಮಾಪಣೆಯನ್ನು ಆಮ್ರಪಾಲಿ ಏಳನೆಯ ಸಲ ಅಳಿಸಿದಳು. ಮೊದಲನೆಯದು ತೀರ ಉದ್ದವಾಗಿತ್ತು, ಎರಡನೆಯದರಲ್ಲಿ ಇಂಗ್ಲಿಷ್ ಜಾಸ್ತಿಯಾಗಿತ್ತು, ಮೂರನೆಯದನ್ನು ಓದಿದರೆ ತಪ್ಪು ಇನ್ನೊಬ್ಬರದೇ ಏನೋ ಅನ್ನಿಸುತ್ತಿತ್ತು. ಹನ್ನೊಂದಕ್ಕೆ ವಿಡಿಯೊ ಕರೆ. ತುಕ್ಕಾನಟ್ಟಿಯ ಅವರ ಓಣಿಯಲ್ಲಿ ನೆಟ್‌ವರ್ಕ್ ನೆಟ್ಟಗೆ ಸಿಗುವುದು ಮಾಳಿಗೆಯ ಮೇಲೆ ಮಾತ್ರ, ಅಲ್ಲಿ ಅವಳ ಅವ್ವ ಇಂದ್ರವ್ವ ಜೋಳ ಒಣಹಾಕಿದ್ದಳು. ಕಾಳಿಗೆ ಕಾಲು ತಾಗದಂತೆ ಮೂಲೆಯಲ್ಲಿ ಮುದುಡಿ ಕೂತು ಆಮ್ರಪಾಲಿ ಎಂಟನೆಯ ಸಲ ಶುರುಮಾಡಿದಳು.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕಾಲೇಜು ಮಕ್ಕಳಿಗಾಗಿ ಇಟ್ಟ ಸ್ಪರ್ಧೆ ಅದು. ಕಂಪ್ಯೂಟರಿನಲ್ಲಿ ತಾನೇ ಒಂದು ಆಟ ಕಟ್ಟಬೇಕು, ಗೆದ್ದವರಿಗೆ ಲ್ಯಾಪ್‌ಟಾಪ್. ಸಂಜೆ ಐದಕ್ಕೆ ಬೀಗ ಬೀಳುವ ಕಾಲೇಜಿನ ಲ್ಯಾಬು ಬಿಟ್ಟರೆ ಬೇರೆ ಕಂಪ್ಯೂಟರ್ ಕಾಣದ ಆಮ್ರಪಾಲಿಗೆ ಅದು ಸಣ್ಣ ಮಾತಲ್ಲ. ಅವಳ ಆಟ ಕೊನೆಯ ಸುತ್ತಿಗೆ ಆರಿಸಿದ ಹತ್ತರಲ್ಲಿ ಒಂದಾಗಿತ್ತು. ನಲವತ್ತು ಜನರ ವಾಟ್ಸಾಪ್ ಗುಂಪಿನಲ್ಲಿ ತೀರ್ಪುಗಾರ್ತಿ ನೇತ್ರಾ ಮೇಡಂ ಮೊದಲ ದಿನವೇ ಒಂಬತ್ತು ನಿಯಮ ಹಾಕಿದ್ದರು. ಬೆಳಗಾದರೆ ಹೂವಿನ ಚಿತ್ರ ಕಳಿಸಬಾರದು. ಊರವರನ್ನೆಲ್ಲ ಕೂಡಿಸಿ ಲೈಕ್ ಒತ್ತಿಸಬಾರದು. ಆರನೆಯದು, ಬೇರೆಯವರ ಆಟ ಆಡಿ ಅಭಿಪ್ರಾಯ ಬರೆಯಿರಿ, ಆದರೆ ಕೇಳದೆ ಅದರೊಳಗೆ ಕೈಯಾಡಿಸಬೇಡಿ. ಹೂವಿನ ನಿಯಮ ಮರುದಿನ ಬೆಳಗ್ಗೆಯೇ ಮುರಿದುಬಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆರನೆಯದನ್ನು ಮುರಿದವಳು ಆಮ್ರಪಾಲಿ ಒಬ್ಬಳೇ.

ಆಡಿ ಅಭಿಪ್ರಾಯ ಬರೆಯಲು ಅವಳ ಪಾಲಿಗೆ ಬಂದದ್ದು ಹುಕ್ಕೇರಿಯ ಭೀಮರಾಯನೆಂಬ ಹುಡುಗನ ಆಟ. ಮುದುಕಿಯೊಬ್ಬಳು ಸಂತೆ ದಾಟಿ ಬಸ್ ಹಿಡಿಯಬೇಕು. ಉಳ್ಳಾಗಡ್ಡಿಯ ರಾಶಿ ಅಡ್ಡ, ಕುರಿಗಳು ಅಡ್ಡ, ನಿಲ್ಲಿಸಿ ಮಾತಾಡಿಸುವ ಗುರುತಿನವರು ಎಲ್ಲಕ್ಕಿಂತ ಅಡ್ಡ. ಎಷ್ಟು ಜಾಣತನದಿಂದ ಆಡಿದರೂ ಮುದುಕಿ ಹತ್ತಿರ ಬಂದಾಗಲೇ ಬಸ್ಸು ಹೊರಟುಬಿಡುತ್ತಿತ್ತು. ಆಮ್ರಪಾಲಿ ಮೂವತ್ತು ಸಲ ಆಡಿದಳು, ಮೂವತ್ತು ಸಲವೂ ಮುದುಕಿ ಕೈ ಎತ್ತಿ ಧೂಳಿನಲ್ಲಿ ನಿಂತಳು. ಹುಡುಗ ಎಲ್ಲೋ ಲೆಕ್ಕ ತಪ್ಪಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು.

ಬರೀ ತಪ್ಪು ತೋರಿಸಿ ಕಳಿಸಲು ಮನಸ್ಸು ಒಪ್ಪಲಿಲ್ಲ. ಅವಳ ಓಣಿಯಲ್ಲಿ ಬಾಜೂ ಮನೆಯಿಂದ ಪಲ್ಯ ಬಂದ ಬಟ್ಟಲನ್ನು ತೊಳೆದು ಖಾಲಿ ವಾಪಸು ಕೊಡುವವರಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಕಾಳಾದರೂ, ಒಂದು ಚೂರು ಬೆಲ್ಲವಾದರೂ ಅದರಲ್ಲಿ ಬೀಳಬೇಕು. ಇಂದ್ರವ್ವ ಕೂಲಿಯಿಂದ ಬಂದು ಎಷ್ಟೇ ದಣಿದಿದ್ದರೂ ಇದೊಂದನ್ನು ತಪ್ಪಿಸಿದವಳಲ್ಲ. ಮಗಳು ಕಂಪ್ಯೂಟರ್ ಕಲಿತಳೇ ಹೊರತು ಕೈ ಅವ್ವನದೇ. ಎರಡು ದಿನ ಲ್ಯಾಬಿಗೆ ಬೀಗ ಬೀಳುವವರೆಗೂ ಕೂತು, ಬಸ್ಸು ನಿಲ್ಲುವಂತೆ ಮಾಡಿದಳು. ಬಾಗಿಲಲ್ಲಿ ಕಂಡಕ್ಟರನೊಬ್ಬನನ್ನು ನಿಲ್ಲಿಸಿ, ಅವನು ಕೈ ಚಾಚಿ ಮುದುಕಿಯನ್ನು ಹತ್ತಿಸಿಕೊಳ್ಳುವಂತೆ ಮಾಡಿದಳು. ಗುಂಪಿನಲ್ಲಿ ಎಲ್ಲರೆದುರೇ ಹಾಕಿ, ನಿಮ್ಮ ಬಸ್ಸು ಈಗ ನಿಲ್ಲತೈತಿ ನೋಡ್ರಿ ಎಂದು ಖುಷಿಯಿಂದ ಬರೆದಳು.

ಹತ್ತು ನಿಮಿಷಕ್ಕೆ ಭೀಮರಾಯನ ಉತ್ತರ ಬಂತು. ನಿಲ್ಲಿಸು ಅಂತ ನಿಮಗ ಯಾರ ಹೇಳಿದ್ರು, ಅಷ್ಟೇ. ಆಮೇಲೆ ಒಬ್ಬೊಬ್ಬರಾಗಿ ನಿಯಮ ಓದಿ ಹೇಳುವವರು ಹುಟ್ಟಿಕೊಂಡರು. ದಿನವೂ ಹೂವು ಕಳಿಸುತ್ತಿದ್ದ ಗೋಕಾಕದ ಹುಡುಗನೇ ಎಲ್ಲರಿಗಿಂತ ಮುಂದಿದ್ದ. ಭೀಮರಾಯ ದೂರು ಕೊಟ್ಟ. ನೇತ್ರಾ ಮೇಡಂ ಇಬ್ಬರನ್ನೂ ಕರೆಗೆ ಕರೆದರು.

ಹನ್ನೊಂದಕ್ಕೆ ಪರದೆಯಲ್ಲಿ ಮೂರು ಮುಖ ಮೂಡಿದವು. ಬರೆದದ್ದನ್ನು ಓದಲು ಹೋದ ಆಮ್ರಪಾಲಿ ಮೊದಲ ಸಾಲಿಗೇ ನಿಲ್ಲಿಸಿದಳು. ಫೋನು ತೊಡೆಯ ಮೇಲಿಟ್ಟು ಹಂಗೇ ಹೇಳಿದಳು.

"ತಪ್ಪಾತ್ರಿ. ಕೇಳಬೇಕಿತ್ತು, ಕೇಳಲಿಲ್ಲ. ಖಾಲಿ ಕೈಲೆ ಹೆಂಗ ಕಳಸೂದು ಅಂತ ಮಾಡಿದ್ನಿ."

ತನ್ನ ಆಟದಲ್ಲಿ ಲೆಕ್ಕ ತಪ್ಪಿರಲಿಲ್ಲ ಎಂದ ಭೀಮರಾಯ. ಆ ಮುದುಕಿ ಅವನ ಅಜ್ಜಿ ಯಲ್ಲಕ್ಕ, ಅವನ ಬಾಯಲ್ಲಿ ಆಯಿ. ಆರು ವರ್ಷದ ಹಿಂದೆ ಅವನ ಅವ್ವ ಸುವರ್ಣಾ ಗೋಕಾಕದ ದವಾಖಾನೆಯಲ್ಲಿದ್ದಳು. ಮಗಳನ್ನು ನೋಡಲು ಹೊರಟ ಯಲ್ಲಕ್ಕ ಸಂತೆಯ ಗದ್ದಲದಲ್ಲಿ ಸಿಕ್ಕಿಕೊಂಡಳು, ಬಸ್ಸು ಕಣ್ಣೆದುರೇ ಹೋಯಿತು. ಮುಂದಿನ ಬಸ್ಸಿಗೆ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಬಸ್ಸು ನಿಲ್ಲಲಿಲ್ಲ, ಅದಕ್ಕೇ ತನ್ನ ಆಟದಲ್ಲೂ ನಿಲ್ಲುವುದಿಲ್ಲ ಎಂದು ಅವನು ನೆಲ ನೋಡುತ್ತ ಹೇಳಿದ.

ಆಮ್ರಪಾಲಿಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಒಬ್ಬರ ಸಂಕಟವನ್ನು ತಾನು ಕೆಟ್ಟ ಯಂತ್ರದಂತೆ ರಿಪೇರಿ ಮಾಡಿ ನಾಲ್ಕು ಜನರೆದುರು ಮೆರೆದಿದ್ದಳು. ಲ್ಯಾಪ್‌ಟಾಪಿನ ಆಸೆ ಆ ಕ್ಷಣಕ್ಕೆ ನೆನಪಿಗೂ ಬರಲಿಲ್ಲ, ಅವನ ಮೋರೆಯೊಂದೇ ಅವಳನ್ನು ಸುಡುತ್ತಿತ್ತು. ಜೋಳದಲ್ಲಿ ಕೈಯಾಡಿಸುತ್ತಿದ್ದ ಇಂದ್ರವ್ವ ಹತ್ತಿರ ಬಂದು ಬಗಲಲ್ಲಿ ಕೂತಳು.

ನೇತ್ರಾ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ನಿಯಮ ಎಲ್ಲರಿಗೂ ಒಂದೇ, ಆಮ್ರಪಾಲಿಯ ಹೆಸರು ಈ ವರ್ಷ ತೆಗೆಯಬೇಕಾಗುತ್ತದೆ ಎಂದರು. ಹೇಳುವಾಗ ಅವರ ದನಿಯೂ ಅಷ್ಟು ಗಟ್ಟಿ ಇರಲಿಲ್ಲ. ಆಮ್ರಪಾಲಿ ಹೂಂ ಅಂದಳು.

"ಮೇಡಂ, ಇನ್ನೊಂದ ಮಾತ ಐತ್ರಿ," ಎಂದ ಭೀಮರಾಯ. "ಸಿಟ್ಟಿನಾಗ ಅಳಸೂಕಿಂತ ಮೊದ್ಲ ಒಮ್ಮಿ ಆಡಿ ನೋಡಿದ್ನಿ. ಆಯಿ ಬಾಜೂ ಕುಂತಿದ್ಲು. ಬಸ್ ನಿಂತದ್ದ ನೋಡಿ ಫೋನ್ ಕಸಗೊಂಡಾಳ್ರಿ, ಮೂರ ದಿನ ಆತು, ಅಕಿನ ಆಡಾಕತ್ತಾಳ."

ಅವನು ಫೋನು ತಿರುಗಿಸಿದ. ಗೋಡೆಗೊರಗಿ ಕೂತ ಯಲ್ಲಕ್ಕ ಪರದೆಯ ತೀರ ಸಮೀಪ ಬಂದು ಇಣುಕಿದಳು. ಬಸ್ ನಿಲ್ಲಿಸಿದ ಹುಡುಗಿ ಇವಳೇ ಏನು ಎಂದು ಮೊಮ್ಮಗನನ್ನು ಕೇಳಿದಳು. ಆಮೇಲೆ ನೇರವಾಗಿ ಆಮ್ರಪಾಲಿಗೇ ಹೇಳಿದಳು.

"ಹತ್ತಿ ಕುಂದರತೇನಿ, ಯವ್ವಾ. ಬಸ್ ಹೋಗತೈತಿ, ಹೋಗತೈತಿ, ಊರ ಬರಾಂಗಿಲ್ಲ."

ಖರೆ. ಆಮ್ರಪಾಲಿ ಬಸ್ಸು ನಿಲ್ಲಿಸಿದ್ದಳು, ಮುದುಕಿಯನ್ನು ಹತ್ತಿಸಿದ್ದಳು, ಮುಂದೆ ಏನನ್ನೂ ಕಟ್ಟಿರಲಿಲ್ಲ. ಆ ಬಸ್ಸು ಬರೀ ಬಯಲಿನಲ್ಲಿ ಓಡುತ್ತಲೇ ಇರುತ್ತಿತ್ತು. ಅಜ್ಜಿಯ ಹೆಗಲ ಪಕ್ಕ ಇಣುಕಿದ ಭೀಮರಾಯನತ್ತ ಅವಳು ನೋಡಿದಳು.

"ಮುಂದಿನ ದಾರಿ ಮಾಡ್ಲೇನ್ರಿ ನಾ? ನೀವು ಹೂಂ ಅಂದ್ರ ಅಷ್ಟ."

ಅವನು ಹೂಂ ಎಂಬಂತೆ ತಲೆಯಾಡಿಸಿದ. ಆಮ್ರಪಾಲಿ ನೋಟುಬುಕ್ಕು ತೆರೆದು, ಬಸ್ಸು ಇಳಿದ ಮೇಲೆ ಅಲ್ಲಿ ಏನೇನು ಇರಬೇಕು ಎಂದು ಯಲ್ಲಕ್ಕನನ್ನು ಕೇಳಿದಳು. ದವಾಖಾನೆಯ ಬಣ್ಣ ಯಾವುದು, ಮೆಟ್ಟಿಲು ಎಷ್ಟು, ಗೇಟಿನ ಹೊರಗೆ ಅಂಗಡಿ ಇತ್ತೇ, ಎಲ್ಲ ಬರೆದುಕೊಳ್ಳಲು ಪೆನ್ನು ಸಿದ್ಧವಾಗಿತ್ತು.

"ಏನೂ ಬ್ಯಾಡ ಯವ್ವಾ," ಎಂದಳು ಯಲ್ಲಕ್ಕ. "ನಾ ಹೋದಾಗ ಮಗಳು ಎಚ್ಚರ ಇರಲಿ."

ಪೆನ್ನು ಹಾಳೆಯ ಮೇಲೆ ನಿಂತೇ ಉಳಿಯಿತು. ಹುಕ್ಕೇರಿಯಲ್ಲಿ ಭೀಮರಾಯನ ಕೈ ಸಡಿಲಿ ಫೋನು ಅಂಗಾತ ಬಿದ್ದಿರಬೇಕು, ಪರದೆಯ ತುಂಬ ಬರೀ ಮನೆಯ ಜಂತಿ ಕಾಣುತ್ತಿತ್ತು. ಮೂವರಲ್ಲಿ ಯಾರೂ ಕರೆ ಮುಗಿಸಲಿಲ್ಲ.